ಹಳೆಯ ದೆಹಲಿಯಲ್ಲಿ ಗೈಡ್ ಜೊತೆ ತಿಂಡಿಯ ನಡಿಗೆ: ಅಮ್ಮನನ್ನೂ ಕರೆದುಕೊಂಡು ಹೋಗಬಹುದೇ?

ಶಿವಮೊಗ್ಗದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ಹೆಂಡತಿ, 11 ವರ್ಷದ ಮಗಳು ಮತ್ತು 68 ವರ್ಷದ ಅಮ್ಮ ದೆಹಲಿ ಮತ್ತು ಆಗ್ರಾ ಪ್ರವಾಸಕ್ಕೆ ಹೊರಟಿದ್ದೇವೆ. ದೆಹಲಿಯಲ್ಲಿ ನಮಗೆ ಐದು ದಿನ ಸಿಗುತ್ತದೆ. ಅದರಲ್ಲಿ ಒಂದು ಬೆಳಗನ್ನು ಹಳೆಯ ದೆಹಲಿಯ ತಿಂಡಿ ತಿನಿಸುಗಳಿಗೆಂದೇ ಮೀಸಲಿಡಬೇಕೆಂಬುದು ನನ್ನ ಬಹುದಿನದ ಆಸೆ. ಗೈಡ್ ಒಬ್ಬರು ಚಾಂದನಿ ಚೌಕದ ಗಲ್ಲಿಗಳಲ್ಲಿ ಮೂರು ನಾಲ್ಕು ಗಂಟೆ ನಡೆಸಿಕೊಂಡು ಹೋಗಿ, ಏಳೆಂಟು ಅಂಗಡಿಗಳ ರುಚಿ ತೋರಿಸುವ ಫುಡ್ ವಾಕ್‌ಗಳು ಹಲವು ಇವೆಯೆಂದು ಹುಡುಕಿದಾಗ ತಿಳಿಯಿತು. ನಾನು ವಿಚಾರಿಸಿದ ಒಬ್ಬರು ತಲೆಗೆ 2,500 ರೂಪಾಯಿ ಎಂದರು. ನಾಲ್ವರಿಗೆ 10,000 ರೂಪಾಯಿಯಾಯಿತು. ನಾವೇ ಹೋಗಿ ಕೊಂಡು ತಿಂದರೆ ಅದರ ಕಾಲುಭಾಗವೂ ಖರ್ಚಾಗುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ, ಆ ಮಾತಿಗೆ ನನ್ನ ಬಳಿ ಸರಿಯಾದ ಉತ್ತರವಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಅಮ್ಮನ ವಿಚಾರ. ನಾವೆಲ್ಲರೂ ಸಸ್ಯಾಹಾರಿಗಳು, ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅವರಿಗೆ ಮಂಡಿ ನೋವಿದೆ, ಅರ್ಧ ಗಂಟೆ ನಡೆದರೆ ಹತ್ತು ನಿಮಿಷ ಕೂರಬೇಕಾಗುತ್ತದೆ. ಸಕ್ಕರೆ ಕಾಯಿಲೆ ಮಾತ್ರೆಯಿಂದ ಹತೋಟಿಯಲ್ಲಿದೆ. ಅಪ್ಪ ತೀರಿಹೋದ ಮೇಲೆ ಅಮ್ಮ ಊರು ಬಿಟ್ಟು ಹೊರಡುತ್ತಿರುವುದು ಇದೇ ಮೊದಲು, ಆದ್ದರಿಂದ ಅವರನ್ನು ಹೋಟೆಲಿನ ಕೋಣೆಯಲ್ಲಿ ಕೂರಿಸಿ ನಾವು ಮೂವರು ತಿಂದು ಬರಲು ನನಗೆ ಮನಸ್ಸಿಲ್ಲ. ಇಂಥ ನಡಿಗೆಗೆ ಅಮ್ಮನನ್ನು ಕರೆದುಕೊಂಡು ಹೋಗುವುದು ಸರಿಯೇ? ಗೈಡ್‌ಗೆ ಕೊಡುವ ಹಣಕ್ಕೆ ತಕ್ಕ ಪ್ರಯೋಜನವಿದೆಯೇ? ಹತ್ತು ಹನ್ನೆರಡು ಜನರ ಗುಂಪಿನಲ್ಲಿ ಸೇರಿಕೊಳ್ಳಬೇಕೋ, ನಮ್ಮ ಮನೆಯವರಿಗಷ್ಟೇ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕೋ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ದ್ವಾರಕಾ ಕನ್ನಡತಿ

ನಾನು ದೆಹಲಿಗೆ ಬಂದು 17 ವರ್ಷವಾಯಿತು. ಊರಿನಿಂದ ಬರುವ ನೆಂಟರನ್ನು ಹಳೆಯ ದೆಹಲಿಗೆ ನಾನೇ ಕರೆದೊಯ್ಯುತ್ತೇನೆ, ಕೆಲವು ಸಲ ಗೈಡ್ ಜೊತೆಯಲ್ಲೂ ಕಳುಹಿಸಿದ್ದೇನೆ. ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಗುಂಪಿನಲ್ಲಿ ಬೇಡ, ನಿಮ್ಮ ಮನೆಯವರಿಗೆಂದೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಹತ್ತು ಜನರ ನಡುವೆ ಒಬ್ಬರಿಗೆ ಮಂಡಿ ನೋವಾದರೆ, ಉಳಿದ ಒಂಬತ್ತು ಮಂದಿ ತಮಗಾಗಿ ಕಾಯುತ್ತಿದ್ದಾರೆಂಬ ಸಂಕೋಚದಿಂದಲೇ ಹಿರಿಯರು ನೋವನ್ನು ನುಂಗಿಕೊಂಡು ನಡೆಯುತ್ತಾರೆ. ನಮ್ಮತ್ತೆಯವರ ವಿಷಯದಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಹೆಂಡತಿಯ ಲೆಕ್ಕ ತಪ್ಪಲ್ಲ. ತಿಂಡಿಯ ಬೆಲೆಯನ್ನಷ್ಟೇ ನೋಡಿದರೆ ಆ ಹಣ ಬಹಳ ಹೆಚ್ಚು. ನೀವು ಹಣ ಕೊಡುವುದು ಯಾವುದನ್ನು ಯಾವ ಹೊತ್ತಿಗೆ, ಎಷ್ಟು, ಯಾವುದಾದ ಮೇಲೆ ತಿನ್ನಬೇಕೆಂದು ಬಲ್ಲವರ ತಿಳಿವಳಿಕೆಗೆ. ಚಾಂದನಿ ಚೌಕದ ನೇರ ರಸ್ತೆ ಕೆಂಪುಕೋಟೆಯ ಎದುರಿನಿಂದ ಫತೇಪುರಿ ಮಸೀದಿಯವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ಅಷ್ಟೇ. ಷಹಜಹಾನನ ಮಗಳು ಜಹನಾರಾ 1650ರ ಸುಮಾರಿಗೆ ರೂಪಿಸಿದ ಪೇಟೆ ಅದು. ಆದರೆ ತಿನ್ನಲು ಯೋಗ್ಯವಾದದ್ದರಲ್ಲಿ ಬಹುಪಾಲು ಆ ರಸ್ತೆಯ ಇಕ್ಕೆಲದ ಗಲ್ಲಿಗಳ ಒಳಗಿದೆ. ಕಿನಾರಿ ಬಜಾರ್, ಮಾಲಿವಾಡಾ, ಸೀತಾರಾಮ್ ಬಜಾರ್ ಮುಂತಾದ ಕಡೆಗಳಲ್ಲಿ ಎದುರಿನಿಂದ ಒಂದು ಕೈಗಾಡಿ ಬಂದರೆ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ, ಫೋನಿನ ನಕ್ಷೆ ಅಲ್ಲಿ ಒಂದು ಗಲ್ಲಿಯನ್ನು ಇನ್ನೊಂದೆಂದು ತೋರಿಸುತ್ತದೆ. ಹಿರಿಯರನ್ನು ಕರೆದುಕೊಂಡು ದಾರಿ ತಪ್ಪಿ ಎರಡು ಸುತ್ತು ಹಾಕುವುದೆಂದರೆ, ಅಂದಿನ ಅವರ ಶಕ್ತಿಯೆಲ್ಲ ಅಲ್ಲೇ ಮುಗಿದಂತೆ.

ಹೊತ್ತಿನ ವಿಚಾರವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನೀವು ಬರುತ್ತಿರುವ ತಿಂಗಳಿನಲ್ಲಿ 'ದೌಲತ್ ಕೀ ಚಾಟ್' ಎಂಬ ತಿನಿಸು ಸಿಗುತ್ತದೆ. ಹೆಸರಿನಲ್ಲಿ ಚಾಟ್ ಇದ್ದರೂ ಅದರಲ್ಲಿ ಹುಳಿಯಿಲ್ಲ, ಖಾರವಿಲ್ಲ. ಹಾಲು ಮತ್ತು ಕೆನೆಯನ್ನು ಚಳಿಗಾಲದ ರಾತ್ರಿ ಬಯಲಲ್ಲಿಟ್ಟು ತಣಿಸಿ, ನಸುಕಿನಲ್ಲಿ ಕಡೆದು, ಮೇಲೇಳುವ ನೊರೆಯನ್ನಷ್ಟೇ ಎತ್ತಿ ಪಾತ್ರೆಯಲ್ಲಿ ಪೇರಿಸುತ್ತಾರೆ. ಮೇಲಿನ ಪದರಕ್ಕೆ ಕೇಸರಿಯ ಬಣ್ಣ, ಅದರ ಮೇಲೆ ಬೂರಾ ಸಕ್ಕರೆ, ಖೋವಾ, ಪಿಸ್ತಾ. ಬಾಯಲ್ಲಿಟ್ಟರೆ ಕ್ಷಣದಲ್ಲಿ ಕರಗಿಹೋಗುತ್ತದೆ, ನಾಲಿಗೆಯ ಮೇಲೆ ಹಾಲಿನ ತಂಪು ಮಾತ್ರ ಉಳಿಯುತ್ತದೆ. ಬಿಸಿಲೇರಿದಂತೆ ಆ ನೊರೆ ಇಳಿದುಹೋಗುತ್ತದೆ, ಆದ್ದರಿಂದಲೇ ಇದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಸಿಗುತ್ತದೆ. ಬನಾರಸಿನಲ್ಲಿ ಇದಕ್ಕೆ ಮಲೈಯೋ ಎನ್ನುತ್ತಾರೆ. ಮಾರುವವರು ಬೆತ್ತದ ಪೀಠದ ಮೇಲೆ ಪಾತ್ರೆಯನ್ನಿಟ್ಟು ತೆಳುಬಟ್ಟೆ ಮುಚ್ಚಿಕೊಂಡು ಬೀದಿಯ ಅಂಚಿನಲ್ಲಿ ನಿಂತಿರುತ್ತಾರೆ, ಅವರಿಗೆ ಅಂಗಡಿಯಿಲ್ಲ, ಫಲಕವಿಲ್ಲ. ಅಂದು ಯಾರು ಎಲ್ಲಿ ನಿಂತಿದ್ದಾರೆ, ಯಾರ ಪಾತ್ರೆಯಲ್ಲಿ ನೊರೆ ಇನ್ನೂ ಗಟ್ಟಿಯಾಗಿದೆ ಎಂಬುದು ಆ ಗಲ್ಲಿಗಳಲ್ಲಿ ನಿತ್ಯ ಓಡಾಡುವವರಿಗೆ ಮಾತ್ರ ಗೊತ್ತಿರುತ್ತದೆ. ಉದ್ದಿನಬೇಳೆ ಸೇರಿಸಿ ಕರಿಯುವ ಬೆಡ್ಮಿ ಪೂರಿಯೂ ಬೆಳಗಿನ ತಿಂಡಿಯೇ. ಹತ್ತು ಗಂಟೆ ದಾಟಿದ ಮೇಲೆ ಹೋದವರಿಗೆ ಅದರ ನಿಜವಾದ ರುಚಿ ಸಿಗುವುದಿಲ್ಲವೆಂದು ನನ್ನ ಅಭಿಪ್ರಾಯ.

ಅಮ್ಮನ ಪಥ್ಯದ ಬಗ್ಗೆ ಹೆಚ್ಚು ಚಿಂತಿಸಬೇಡಿ. ಹಳೆಯ ದೆಹಲಿಯೆಂದರೆ ಕಬಾಬು ಎಂಬ ಮಾತು ಅರ್ಧದಷ್ಟೇ ನಿಜ. ಜಾಮಾ ಮಸೀದಿಯ ಬದಿಯ ಮಟಿಯಾ ಮಹಲ್ ಮಾಂಸದ ಅಡುಗೆಗೆ ಹೆಸರಾದರೆ, ಚಾಂದನಿ ಚೌಕದ ಬದಿಯಲ್ಲಿ ಜೈನರು ಮತ್ತು ಬನಿಯಾ ವ್ಯಾಪಾರಿಗಳು ತಲೆಮಾರುಗಳಿಂದ ನೆಲೆಸಿರುವುದರಿಂದ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡುಗೆ ಅಲ್ಲಿ ಸಹಜವಾಗಿ ಬೆಳೆದುಬಂದಿದೆ. ಪರಾಠೆವಾಲಿ ಗಲಿಯ ಹಳೆಯ ಅಂಗಡಿಗಳಲ್ಲಿ ಈಗಲೂ ಅವೆರಡನ್ನೂ ಬಳಸುವುದಿಲ್ಲ. ಆದರೆ ಅಲ್ಲಿನ ಪರಾಠ ನಮ್ಮ ಚಪಾತಿಯಂತೆ ಕಾವಲಿಯಲ್ಲಿ ಬೇಯಿಸಿದ್ದಲ್ಲ, ಬಾಣಲೆಯಲ್ಲಿ ಮುಳುಗಿಸಿ ಕರಿದದ್ದು. ನಾಲ್ವರಿಗೆ ಒಂದೋ ಎರಡೋ ಹೇಳಿ ಹಂಚಿಕೊಳ್ಳಿ, ಜೊತೆಗೆ ಕೊಡುವ ಸಿಹಿಗುಂಬಳದ ಪಲ್ಯವನ್ನು ನಿಮ್ಮ ಅಮ್ಮ ಇಷ್ಟಪಡುತ್ತಾರೆ.

ಕೂರುವ ವಿಚಾರಕ್ಕೆ ಬಂದರೆ, ಮುಖ್ಯ ರಸ್ತೆಯನ್ನು 2021ರಲ್ಲಿ ಹೊಸದಾಗಿ ಕಟ್ಟಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಿದ್ದಾರೆ. ಸೈಕಲ್ ರಿಕ್ಷಾ ಓಡಾಡುತ್ತದೆ, ಅಲ್ಲಲ್ಲಿ ಕಲ್ಲಿನ ಆಸನಗಳಿವೆ. ಅದಕ್ಕಿಂತ ಒಳ್ಳೆಯ ಜಾಗ ಸೀಸ್‌ಗಂಜ್ ಗುರುದ್ವಾರ. 1675ರಲ್ಲಿ ಗುರು ತೇಗ್ ಬಹಾದೂರರು ಹುತಾತ್ಮರಾದ ಸ್ಥಳ ಅದು. ತಲೆಗೆ ಬಟ್ಟೆ ಹೊದ್ದು ಒಳಗೆ ಹೋಗಿ ಎಷ್ಟು ಹೊತ್ತು ಬೇಕಾದರೂ ಕೂತು ಕೀರ್ತನೆ ಕೇಳಬಹುದು. ನಡಿಗೆಯ ಮಧ್ಯದಲ್ಲಿ ಅಲ್ಲೊಂದು ಅರ್ಧ ಗಂಟೆ ಇರುವಂತೆ ಗೈಡ್‌ಗೆ ಮೊದಲೇ ಹೇಳಿ. ಮಗಳಿಗೆ ಬೇಸರವಾಗದಂತೆ, ಕೆಂಪುಕೋಟೆಯ ಎದುರಿನ ಜೈನರ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯನ್ನು ತೋರಿಸಿ.

ಭಾನುವಾರ ಹೋಗುವುದೋ ಬೇಡವೋ ಎಂಬುದು ನಿಮಗೆ ಏನು ಬೇಕೆಂಬುದರ ಮೇಲೆ ನಿಂತಿದೆ. ಅಂದು ಸಗಟು ಅಂಗಡಿಗಳು ಮುಚ್ಚಿರುವುದರಿಂದ ಜನಸಂದಣಿ ಕಡಿಮೆ, ಆದರೆ ಖಾರಿ ಬಾವ್ಲಿಯ ಮಸಾಲೆ ಪೇಟೆಯೂ ಮುಚ್ಚಿರುತ್ತದೆ.

ಜಯನಗರದವರು

ಮೇಲಿನವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಎಲ್ಲ ಗೈಡ್‌ಗಳೂ ಒಂದೇ ರೀತಿ ಇರುವುದಿಲ್ಲ ಎಂಬುದನ್ನು ಸೇರಿಸಬೇಕಾಗಿದೆ. ಎರಡು ವರ್ಷದ ಹಿಂದೆ ನಾವು ದಂಪತಿಗಳು ಹಳೆಯ ದೆಹಲಿಯಲ್ಲೇ ಇಂಥದೊಂದು ನಡಿಗೆಗೆ ಹೋಗಿದ್ದೆವು. ಎಂಟು ಜನರ ಗುಂಪು ಎಂದು ಹೇಳಿ ಹಣ ಪಡೆದಿದ್ದರು, ಹೋಗಿ ನೋಡಿದರೆ ಹದಿನಾಲ್ಕು ಜನರಿದ್ದೆವು. ಮೊದಲ ಅಂಗಡಿಯಲ್ಲೇ ತಲೆಗೊಂದು ಪೂರ್ತಿ ತಟ್ಟೆ ಛೋಲೆ ಭಟೂರೆ ಕೊಡಿಸಿದರು. ಆಮೇಲಿನ ಐದು ಅಂಗಡಿಗಳಲ್ಲಿ ನಮ್ಮ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಮಗೆ ಅವರ ಮಾತು ಕೇಳಿಸಲಿಲ್ಲ. ಕೊನೆಗೆ ಒಂದು ಮಸಾಲೆ ಅಂಗಡಿಯ ಮಹಡಿಯಲ್ಲಿ ನಮ್ಮನ್ನು ಕೂರಿಸಿ ನಲವತ್ತು ನಿಮಿಷ ಕೇಸರಿ, ಚಹಾ ಪುಡಿ, ಗರಂ ಮಸಾಲೆಯ ಡಬ್ಬಿಗಳನ್ನು ತೋರಿಸಿದರು. ಕೊಳ್ಳದೆ ಎದ್ದು ಬರಲು ನನ್ನ ಹೆಂಡತಿಗೆ ಮುಜುಗರವಾಗಿ 1,800 ರೂಪಾಯಿಯ ಸಾಮಾನು ಕೊಂಡಳು. ಅದೇ ಗುಣಮಟ್ಟದ ಏಲಕ್ಕಿ ಕೆಳಗಿನ ಬೀದಿಯಲ್ಲಿ ಅರ್ಧ ಬೆಲೆಗೆ ಇದ್ದದ್ದನ್ನು ಹೊರಬಂದ ಮೇಲೆ ಕಂಡೆವು. ಅಂದಿನ ಬೇಸರ ನಮಗೆ ಇನ್ನೂ ಹೋಗಿಲ್ಲ, ಏಕೆಂದರೆ ಅದು ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷದ ಪ್ರವಾಸವಾಗಿತ್ತು.

ಆದ್ದರಿಂದ ಹಣ ಕಟ್ಟುವ ಮುನ್ನ ಫೋನಿನಲ್ಲಿ ಮಾತನಾಡಿ. ಒಟ್ಟು ಎಷ್ಟು ಜನ, ತಿಂಡಿಯ ಬೆಲೆಯೂ ದರದಲ್ಲೇ ಸೇರಿದೆಯೇ, ತಲೆಗೊಂದು ತಟ್ಟೆಯೋ ಹಂಚಿಕೊಳ್ಳುವುದೋ, ಸಾಮಾನು ಮಾರುವ ಅಂಗಡಿಗೆ ಕರೆದೊಯ್ಯುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. ಒಳ್ಳೆಯ ಗೈಡ್ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಯಾರಿಗೆ ಯಾವ ಪಥ್ಯ, ಯಾರಿಗೆ ಎಷ್ಟು ನಡೆಯಲು ಸಾಧ್ಯ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ದೆಹಲಿ ತಲುಪುತ್ತೀರಿ ಎಂದು ವಿಚಾರಿಸದೆ ನೇರವಾಗಿ ಹಣ ಕಳುಹಿಸಿ ಎನ್ನುವವರನ್ನು ಬಿಟ್ಟುಬಿಡಿ.

ಹುಬ್ಬಳ್ಳಿ ಮೇಷ್ಟ್ರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ದೆಹಲಿಗೆ ಏಳು ಸಲ ಹೋಗಿದ್ದೇನೆ, ಒಮ್ಮೆಯೂ ಗೈಡ್ ಇಟ್ಟುಕೊಂಡಿಲ್ಲ. ಹಿಂದಿ ಮಾತನಾಡಲು ಬರುವವರಿಗೆ ಅಂಗಡಿಯವರೇ ಗೈಡ್. ಯಾವ ಅಂಗಡಿಯ ಮುಂದೆ ಅಲ್ಲಿನ ಕೂಲಿಯವರು, ಗುಮಾಸ್ತರು ನಿಂತು ತಿನ್ನುತ್ತಿದ್ದಾರೋ ಅಲ್ಲಿ ನಿಂತರೆ ಸಾಕು, ರುಚಿಯೂ ಇರುತ್ತದೆ, ಬಿಸಿಯೂ ಇರುತ್ತದೆ. ಗೈಡ್ ಹಿಂದೆ ಹೋಗುವವನು ಗೈಡ್ ತೋರಿಸಿದ್ದನ್ನಷ್ಟೇ ನೋಡುತ್ತಾನೆ, ತಾನಾಗಿ ಹುಡುಕಿದ ಜಿಲೇಬಿಯ ರುಚಿ ಅವನಿಗೆ ಸಿಗುವುದಿಲ್ಲ. ಗಲ್ಲಿಗಳಲ್ಲಿ ದಾರಿ ತಪ್ಪುವುದು ಕೂಡ ನನ್ನ ಹುಡುಗರಿಗೆ ಪಾಠವೇ ಆಗಿತ್ತು.

ದ್ವಾರಕಾ ಕನ್ನಡತಿ

ಮೇಷ್ಟ್ರೇ, ಹದಿನೇಳು ವರ್ಷದ ಹುಡುಗರಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಹಾಗೆಯೇ ಅಲೆದು ಕಲಿತವಳು. ಆದರೆ ಇಲ್ಲಿ ಪ್ರಶ್ನೆ ಕೇಳಿದವರ ಜೊತೆ ಮಂಡಿ ನೋವಿರುವ ತಾಯಿಯಿದ್ದಾರೆ, ಅವರ ಬಳಿ ಇರುವುದು ಒಂದೇ ಒಂದು ಬೆಳಗು. ಎರಡಕ್ಕೂ ಹೊಂದುವ ಒಂದು ದಾರಿಯಿದೆ. ಈ ನಡಿಗೆಯನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳದೆ ಮೊದಲ ಅಥವಾ ಎರಡನೆಯ ದಿನವೇ ಇಟ್ಟುಕೊಳ್ಳಲಿ. ಅಂದು ಗೈಡ್ ಜೊತೆ ದಾರಿ, ಅಂಗಡಿ, ತಿನಿಸಿನ ಹೆಸರು ಎಲ್ಲವೂ ಪರಿಚಯವಾದರೆ, ಉಳಿದ ದಿನಗಳಲ್ಲಿ ಇಷ್ಟವಾದ ಕಡೆಗೆ ಅವರೇ ಮತ್ತೆ ಹೋಗಬಹುದು.

ದಾವಣಗೆರೆ ಅಕ್ಕ

ಮಧ್ಯೆ ಒಂದು ಮಾತು. ಇಲ್ಲಿ ಯಾರೂ ಶೌಚಾಲಯದ ವಿಚಾರ ಎತ್ತಿಲ್ಲ. ಸಕ್ಕರೆ ಕಾಯಿಲೆ ಇರುವ ಹೆಂಗಸರು ಮೂರು ನಾಲ್ಕು ಗಂಟೆ ಹೊರಗಿರಬೇಕಾದಾಗ ಅದಕ್ಕೆ ಹೆದರಿಯೇ ನೀರು ಕುಡಿಯುವುದನ್ನು ಬಿಡುತ್ತಾರೆ. ಗೈಡ್ ಗಂಡಸಾದರೆ ಕೇಳಲು ನಾಚಿಕೆ. ಅದನ್ನು ನಿಮ್ಮ ಹೆಂಡತಿ ಮೊದಲೇ ವಿಚಾರಿಸಿಕೊಳ್ಳಲಿ. ಮುಖ್ಯ ರಸ್ತೆಯ ಸಾರ್ವಜನಿಕ ಶೌಚಾಲಯ, ಮೆಟ್ರೋ ನಿಲ್ದಾಣ, ಗುರುದ್ವಾರ ಇವುಗಳ ಲೆಕ್ಕ ಹಾಕಿ ದಾರಿ ಗೊತ್ತುಮಾಡಿಕೊಂಡರೆ ಅಮ್ಮ ನಿಶ್ಚಿಂತೆಯಿಂದ ಇರುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿನ ಗಾಳಿಯೂ ಚೆನ್ನಾಗಿರುವುದಿಲ್ಲ, ಮಾಸ್ಕ್ ಇಟ್ಟುಕೊಳ್ಳಿ. ಮೊಸರು, ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣುಗಳ ತಿನಿಸನ್ನು ಬಿಟ್ಟು, ಕಣ್ಣೆದುರಿಗೆ ಬಾಣಲೆಯಿಂದ ತೆಗೆದದ್ದನ್ನು ತಿಂದರೆ ಹೊಟ್ಟೆಗೂ ಒಳ್ಳೆಯದು.

ಶಿವಮೊಗ್ಗದವ

ನಾವು ಕ್ಷೇಮವಾಗಿ ಹಿಂದಿರುಗಿದೆವು. ನಿಮ್ಮೆಲ್ಲರ ಮಾತಿನಿಂದ ನಮಗೆ ಎಷ್ಟು ಅನುಕೂಲವಾಯಿತೆಂಬುದನ್ನು ತಿಳಿಸದಿದ್ದರೆ ತಪ್ಪಾಗುತ್ತದೆ, ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೂವರು ಗೈಡ್‌ಗಳೊಂದಿಗೆ ಫೋನಿನಲ್ಲಿ ಮಾತನಾಡಿದೆ. ಇಬ್ಬರು ದರ ಹೇಳಿ ಸುಮ್ಮನಾದರು. ಮೂರನೆಯವರು ಒಬ್ಬ ಮಹಿಳೆ, ಅಮ್ಮನ ಬಗ್ಗೆಯೇ ಹತ್ತು ನಿಮಿಷ ವಿಚಾರಿಸಿದರು. ಮೆಟ್ಟಿಲು ಹತ್ತಲು ಆಗುತ್ತದೆಯೇ, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಇಂಗು ಆಗುತ್ತದೆಯೇ ಎಂದೆಲ್ಲ ಕೇಳಿದರು. ನಮಗೆಂದೇ ಬರಲು ಒಟ್ಟು 9,000 ರೂಪಾಯಿ ಎಂದರು, ತಿಂಡಿ ಮತ್ತು ರಿಕ್ಷಾ ಅದರಲ್ಲೇ ಸೇರಿತ್ತು. ಅವರನ್ನೇ ಒಪ್ಪಿಕೊಂಡು ಪ್ರವಾಸದ ಎರಡನೆಯ ದಿನವೇ ಹೋದೆವು.

ಬೆಳಿಗ್ಗೆ ಎಂಟೂವರೆಗೆ ಮಂಜು ಇನ್ನೂ ದಟ್ಟವಾಗಿತ್ತು. ಮೊದಲು ಬೆಡ್ಮಿ ಪೂರಿಯ ಅಂಗಡಿ. ಹೊರಗೆ ಏನನ್ನೂ ತಿನ್ನುವುದಿಲ್ಲ, ನಿಮ್ಮ ಜೊತೆ ಸುಮ್ಮನೆ ಬರುತ್ತೇನೆ ಎಂದಿದ್ದ ಅಮ್ಮ, ಗೈಡ್ ಕೊಟ್ಟ ಅರ್ಧ ಪೂರಿಯನ್ನು ಕೈಯಲ್ಲಿ ಹಿಡಿದು, ಒಂದು ಚೂರು ಮುರಿದು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿದರು. "ಉದ್ದನ್ನು ನೆನೆಸಿ ತರಿತರಿಯಾಗಿ ರುಬ್ಬಿದ್ದಾರೆ, ಸೋಂಪು ಹಾಕಿದ್ದಾರೆ" ಎಂದರು. ಬಾಯಿಗೆ ಹಾಕಿಕೊಂಡ ಮೇಲೆ, "ಗೋಧಿ ಹಿಟ್ಟೂ ಸಣ್ಣದಲ್ಲ" ಎಂದರು. ಗೈಡ್ ಅದನ್ನು ಹಿಂದಿಯಲ್ಲಿ ಬಾಣಲೆಯ ಮುಂದಿದ್ದವರಿಗೆ ಹೇಳಿದಾಗ ಅವರು ಝಾರವನ್ನು ಕೆಳಗಿಟ್ಟು, ಅಮ್ಮನಿಗೆ ಕೈ ಮುಗಿದು, ಒಳಗಿನಿಂದ ಹಿಟ್ಟಿನ ಒಂದು ಉಂಡೆಯನ್ನು ತರಿಸಿ ತೋರಿಸಿದರು. ಅಮ್ಮನಿಗೆ ಹಿಂದಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಇಂಗನ್ನು ಯಾವಾಗ ಹಾಕಬೇಕೆಂಬ ಬಗ್ಗೆ ಇಬ್ಬರೂ ಐದು ನಿಮಿಷ ಮಾತನಾಡಿದರು, ಮಧ್ಯೆ ನಿಂತು ಆ ಕಡೆಗೂ ಈ ಕಡೆಗೂ ಹೇಳುತ್ತಿದ್ದವರು ಗೈಡ್ ಮತ್ತು ನನ್ನ ಮಗಳು. ನಾವೇ ಹೋಗಿದ್ದರೆ ತಿಂದು, ಹಣ ಕೊಟ್ಟು, ಎದ್ದು ಬರುತ್ತಿದ್ದೆವು.

ದೌಲತ್ ಕೀ ಚಾಟ್ ಕಿನಾರಿ ಬಜಾರಿನ ತಿರುವಿನಲ್ಲಿ ಸಿಕ್ಕಿತು. ಮಗಳು ಇನ್ನೂ ಒಂದು ದೊನ್ನೆ ಬೇಕೆಂದಳು, ಅಮ್ಮ ಎರಡು ಚಮಚ ತಿಂದರು. ಗುರುದ್ವಾರದಲ್ಲಿ ನಲವತ್ತು ನಿಮಿಷ ಕೂತೆವು, ಅಲ್ಲಿ ಅಮ್ಮನ ಕಣ್ಣಲ್ಲಿ ನೀರಿತ್ತು, ಏಕೆಂದು ನಾನು ಕೇಳಲಿಲ್ಲ. ಪರಾಠ ನನಗೆ ಅಷ್ಟೇನೂ ಹಿಡಿಸಲಿಲ್ಲ, ಎಣ್ಣೆ ಹೆಚ್ಚೆನಿಸಿತು. ಖಾರಿ ಬಾವ್ಲಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ನಾವೆಲ್ಲರೂ ಕೆಮ್ಮಿದೆವು. ಅಮ್ಮನನ್ನು ರಿಕ್ಷಾದಲ್ಲೇ ಕೂರಿಸಿ ಹತ್ತು ನಿಮಿಷದಲ್ಲಿ ನೋಡಿ ಬಂದೆವು. ಚೀಲದ ಮೇಲೆ ಬ್ಯಾಡಗಿ ಎಂಬ ಹೆಸರು ಕಂಡು ಮಗಳು ಅಂಗಡಿಯವರಿಗೆ, ಅದು ನಮ್ಮ ಕರ್ನಾಟಕದ ಊರು ಎಂದು ಹೇಳಿ ಬಂದಳು. ಗೈಡ್ ಯಾವ ಅಂಗಡಿಯಲ್ಲೂ ಕೊಳ್ಳಿರೆಂದು ಹೇಳಲಿಲ್ಲ. ಅಮ್ಮನೇ ಕೇಳಿ 50 ಗ್ರಾಂ ಇಂಗು ಕೊಂಡರು.

ಒಂದು ತಪ್ಪು ನಮ್ಮಿಂದಾಯಿತು. ಅದೇ ಮಧ್ಯಾಹ್ನ ಕೆಂಪುಕೋಟೆಯನ್ನೂ ನೋಡಿಬಿಡೋಣ ಎಂದು ಹೊರಟೆವು. ಅಮ್ಮನಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ, ಟಿಕೆಟ್ ಕೊಂಡ ಮೇಲೆ ಅರ್ಧದಲ್ಲೇ ಹಿಂದಿರುಗಬೇಕಾಯಿತು. ನಡಿಗೆಯ ದಿನ ಮಧ್ಯಾಹ್ನ ಬೇರೇನನ್ನೂ ಇಟ್ಟುಕೊಳ್ಳಬೇಡಿರೆಂದು ಮುಂದೆ ಹೋಗುವವರಿಗೆ ಹೇಳುತ್ತೇನೆ.

ನಾಲ್ಕನೆಯ ದಿನ ಬೆಳಿಗ್ಗೆ, ಆ ಬೆಡ್ಮಿ ಅಂಗಡಿಗೆ ಇನ್ನೊಮ್ಮೆ ಹೋಗೋಣವೇ ಎಂದು ಕೇಳಿದ್ದು ನನ್ನ ಹೆಂಡತಿ. ಮೆಟ್ರೋ ಇಳಿದು ಗೈಡ್ ಇಲ್ಲದೆ ನಾವೇ ದಾರಿ ಹಿಡಿದು ಹೋದೆವು, ಗಲ್ಲಿಯ ಗುರುತು ಮಗಳಿಗೆ ಚೆನ್ನಾಗಿ ನೆನಪಿತ್ತು. ನಾಲ್ವರೂ ಹೊಟ್ಟೆ ತುಂಬ ತಿಂದೆವು. ಹಣ ಕೊಟ್ಟವಳು ನನ್ನ ಹೆಂಡತಿಯೇ, 300 ರೂಪಾಯಿಯೂ ಆಗಲಿಲ್ಲ. ಹೊರಗೆ ಬಂದ ಮೇಲೆ, ಮೊದಲ ದಿನದ ಆ 9,000 ರೂಪಾಯಿಯ ಬಗ್ಗೆ ತನಗೀಗ ಬೇಸರವಿಲ್ಲ ಎಂದಳು.